ತಂಗಿಗೆ ರಾಜಮನೆತನದ ಹುಡುಗನ ಮೇಲೆ ಪ್ರೀತಿ: ಗೊತ್ತಿದ್ದವರು ಸ್ವಲ್ಪ ಹೇಳಿ ಮಾರ್ರೆ

ಕದ್ರಿಗುಡ್ಡೆ

ವಿಷಯ ಸ್ವಲ್ಪ ವಿಚಿತ್ರ ಉಂಟು. ಮೊದಲು ನಗಿ, ಆಮೇಲೆ ಉತ್ತರ ಕೊಡಿ.

ನನ್ನ ತಂಗಿ ಮಣಿಪಾಲದಲ್ಲಿ ಫಿಸಿಯೋಥೆರಪಿಸ್ಟ್. ಅಲ್ಲೇ ಎಂ.ಡಿ. ಓದ್ತಾ ಇರುವ ಒಬ್ಬ ಹುಡುಗನಿಗೂ ಇವಳಿಗೂ ಪ್ರೀತಿ. ಮಣಿಪಾಲದಲ್ಲಿ ಇದೇನೂ ಹೊಸತಲ್ಲ. ಹುಡುಗ ರಾಜಸ್ಥಾನದ ಬದಿಯವ. "ಊರಲ್ಲಿ ನಮ್ಮದೊಂದು ಹಳೇ ಮನೆ ಉಂಟು, ಎದುರಿನ ಭಾಗವನ್ನು ಹೋಟೆಲ್ ಮಾಡಿದ್ದೇವೆ" ಅಂತ ಹೇಳಿದ್ದ. ಯಾವುದೋ ಲಾಡ್ಜ್ ಇರ್ಬೇಕು ಅಂತ ನಾವು ಸುಮ್ಮನಿದ್ದೆವು. ನನ್ನ ತಮ್ಮ ಮೊಬೈಲಲ್ಲಿ ಹುಡುಕಿ ನೋಡಿದ್ರೆ ಕೋಟೆ! ಬುರುಜು, ಆನೆಬಾಗಿಲು, ಒಳಗೆ ಅಜ್ಜನ ತೈಲಚಿತ್ರ, ಎದೆ ತುಂಬ ಪದಕ. ಸಣ್ಣ ಸಂಸ್ಥಾನವೇ, ಆದ್ರೂ ಸಂಸ್ಥಾನ ಅಂದ್ರೆ ಸಂಸ್ಥಾನವೇ ಅಲ್ವಾ.

ನಮ್ಮದು ಮಂಗಳೂರಿನ ಪಂಪ್‌ವೆಲ್ ಹತ್ತಿರ ಟಯರ್ ರೀಸೋಲ್ ಅಂಗಡಿ. ಅಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು.

ಕಳೆದ ತಿಂಗಳು ಹುಡುಗ ಮನೆಗೆ ಬಂದಿದ್ದ. ಅವನನ್ನು ಏನಂತ ಕರೀಬೇಕು ಅನ್ನುವುದೇ ಅಮ್ಮನಿಗೆ ದೊಡ್ಡ ತಲೆಬಿಸಿ, ಕೊನೆಗೆ "ಡಾಕ್ಟ್ರೇ" ಅಂತ ಕರೆದು ಬಚಾವಾದ್ರು. ನೀರುದೋಸೆ, ಅನ್ನ, ಬಂಗುಡೆ ಪುಳಿಮುಂಚಿ. ಪಾಪ, ಅವನಿಗೆ ಮುಳ್ಳು ಬಿಡಿಸ್ಲಿಕ್ಕೆ ಬರ್ಲಿಲ್ಲ. ನಡುಮುಳ್ಳು ಹಿಡಿದು ಎಳೆಯುವ ಬದಲು ಮೀನನ್ನು ಅಡ್ಡಡ್ಡ ಮುರಿದ, ಒಂದು ಗಂಟಲಲ್ಲಿ ನಿಂತಿತು. ಕಣ್ಣಲ್ಲಿ ನೀರು, ಬಾಯಲ್ಲಿ ಮಾತಿಲ್ಲ. ಅಪ್ಪ ಕೂತಲ್ಲಿಂದ ಏಳ್ಲೂ ಇಲ್ಲ. ಕುಚ್ಚಲಕ್ಕಿ ಅನ್ನದ ದೊಡ್ಡ ಉಂಡೆ ಮಾಡಿ ಅವನ ಕೈಗಿಟ್ಟು "ಜಗಿಬೇಡ, ನುಂಗು" ಅಂದ್ರು. ನುಂಗಿದ. ಮುಳ್ಳೂ ಹೋಯ್ತು, ಅಮ್ಮನ ಹೆದರಿಕೆಯೂ ಹೋಯ್ತು.

ಹುಡುಗನ ಬಗ್ಗೆ ತಕರಾರಿಲ್ಲ. ಆದ್ರೆ ಮೊನ್ನೆ ಅವನ ತಾಯಿ ಫೋನ್ ಮಾಡಿದ್ರು. ಬಹಳ ಮರ್ಯಾದೆಯ ಮಾತು. ಮದುವೆ ಕೋಟೆಯಲ್ಲೇ ಆಗಬೇಕಂತೆ, ಹಿರಿಯರ ಎದುರು ತಲೆಗೆ ಸೆರಗು ಬೇಕಂತೆ, ಕೆಲಸದ ವಿಷಯ "ಆಮೇಲೆ ನೋಡುವ" ಅಂತೆ. ನಮ್ಮ ದೊಡ್ಡಮ್ಮ ಈಗಾಗಲೇ ಓಣಿಗೆಲ್ಲ "ನಮ್ಮ ಹುಡುಗಿ ರಾಣಿ ಆಗ್ತಾಳೆ" ಅಂತ ಡಂಗುರ ಹೊಡೆದಾಗಿದೆ. ತಂಗಿ ಮಾತ್ರ "ಎಲ್ಲ ಸರಿ ಆಗ್ತದೆ ಅಕ್ಕ" ಅಂತ ಆರಾಮಾಗಿದ್ದಾಳೆ.

ಸಾಮಾನ್ಯ ಮನೆಯ ಹೆಣ್ಣು ಇಂಥ ಮನೆಗೆ ಹೋದ್ರೆ ನಿಜವಾಗಿ ಏನಾಗ್ತದೆ? ಸಿನಿಮಾ ಕಥೆ ಬೇಡ. ನಡೆದದ್ದು ಗೊತ್ತಿದ್ರೆ ಹೇಳಿ.

ಪೊಕ್ಕಡೆ ಪಾರ್ಟಿ

ಅರಮನೆಯ ಹಳೇ ಕಾರುಗಳಿಗೂ ಟಯರ್ ಬೇಕಲ್ಲ ಮಾರ್ರೆ. ಅಪ್ಪನಿಗೆ ಭಾರೀ ಗಿರಾಕಿ ಸಿಕ್ಕಿದ್ರು.

ಉಡುಪಿ ವಕೀಲೆ

ದೊಡ್ಡಮ್ಮನಿಗೆ ಇದನ್ನು ಓದಿ ಹೇಳಿ. ರಾಣಿ ಎಂಬ ಹುದ್ದೆಯೇ ಈ ದೇಶದಲ್ಲಿ ಇಲ್ಲ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂದು 291 ಮತ್ತು 362ನೇ ವಿಧಿ ತೆಗೆದುಹಾಕಿದರು, 363-ಎ ಸೇರಿಸಿದರು. ರಾಜಧನ, ಅಂದರೆ ಹಳೇ ರಾಜರಿಗೆ ಸರಕಾರ ಕೊಡುತ್ತಿದ್ದ ಹಣ, ನಿಂತಿತು, ರಾಜ ಎಂಬ ಸರಕಾರಿ ಮಾನ್ಯತೆಯೂ ಹೋಯಿತು. ಈಗ ಯಾರಾದರೂ ಮಹಾರಾಜ, ಯುವರಾಜ ಅಂತ ಕರೆಸಿಕೊಂಡರೆ ಅದು ಮನೆಯವರ, ಊರವರ ಪ್ರೀತಿ ಅಷ್ಟೆ. ಕಾಗದದ ಮೇಲೆ ನಿಮ್ಮ ತಂಗಿ ಮದುವೆ ಆಗುವುದು ಒಬ್ಬ ಡಾಕ್ಟರನ್ನು.

ಆದರೆ ಆಸ್ತಿ ಬೇರೆ ವಿಷಯ. ಆ ಕೋಟೆ ಯಾರ ಹೆಸರಲ್ಲಿ ಉಂಟು? ಅವಿಭಕ್ತ ಕುಟುಂಬದ್ದೋ, ಟ್ರಸ್ಟಿನದ್ದೋ, ಹೋಟೆಲ್ ಕಂಪೆನಿಯದ್ದೋ? ದಾಯಾದಿಗಳ ಕೇಸು ಎಷ್ಟು ನಡೀತಾ ಉಂಟು? ಇಂಥ ಮನೆಗಳಲ್ಲಿ ಕೇಸು ಇಲ್ಲದಿದ್ದರೆ ಅದೇ ಆಶ್ಚರ್ಯ. ಪಂಜಾಬಿನ ಫರೀದ್‌ಕೋಟ್ ಮನೆತನದ್ದು ನೋಡಿ. ಮಹಾರಾಜರ ಹೆಸರಲ್ಲಿ 1982ರದ್ದು ಅಂತ ಒಂದು ಉಯಿಲು, ಆಸ್ತಿಯೆಲ್ಲ ಟ್ರಸ್ಟಿಗೆ. ಹಿರಿಯ ಮಗಳು 1992ರಲ್ಲಿ ಕೋರ್ಟಿಗೆ ಹೋದರು. ಉಯಿಲು ನಕಲಿ, ಹೆಣ್ಣುಮಕ್ಕಳಿಗೆ ಪಾಲು ಉಂಟು ಎಂದು ಸುಪ್ರೀಂ ಕೋರ್ಟಿನಲ್ಲಿ ಖಾಯಂ ಆಗುವಾಗ 2022. ಮೂವತ್ತು ವರ್ಷ! ಪತ್ರಿಕೆಗಳು ಆ ಆಸ್ತಿಯನ್ನು ಸುಮಾರು 20 ಸಾವಿರ ಕೋಟಿ ಅಂತ ಬರೆದವು. ಅಷ್ಟಿದ್ದೂ ಮನೆ ಮಗಳಿಗೇ ಈ ಗತಿ. ಸೊಸೆಯಾಗಿ ಹೋಗುವವಳು ಕಾಗದ ನೋಡದೆ ಹೋಗಬಾರದು.

ಸುರತ್ಕಲ್ ಟು ಓಸ್ಲೋ

ನಾನಿರುವುದು ನಾರ್ವೆಯಲ್ಲಿ, ಇಲ್ಲಿಯದ್ದೇ ಹೇಳ್ತೇನೆ. ಈಗಿನ ರಾಣಿ ಸೋನಿಯಾ ಬಟ್ಟೆ ವ್ಯಾಪಾರಿಯ ಮಗಳು, ಸ್ವತಃ ಹೊಲಿಗೆ ಕಲಿತವರು. ಯುವರಾಜ ಹರಾಲ್ಡ್ ಪರಿಚಯ ಆದದ್ದು 1959ರಲ್ಲಿ. ಮದುವೆ ಆದದ್ದು 1968ರ ಆಗಸ್ಟ್ 29ಕ್ಕೆ. ನಡುವೆ ಒಂಬತ್ತು ವರ್ಷ ಕದ್ದುಮುಚ್ಚಿ ಓಡಾಟ, ಪತ್ರಿಕೆಗಳಲ್ಲಿ ದಿನಕ್ಕೊಬ್ಬ ವಿದೇಶಿ ರಾಜಕುಮಾರಿಯ ಜೊತೆ ಇವರ ಹೆಸರು. ಕೊನೆಗೆ ಹರಾಲ್ಡ್ ಅಪ್ಪನ ಹತ್ತಿರ, ಅವಳಲ್ಲದಿದ್ದರೆ ಮದುವೆಯೇ ಬೇಡ ಎಂದುಬಿಟ್ಟರು. ಒಬ್ಬನೇ ಮಗ. ಅವರು ಮದುವೆ ಆಗದಿದ್ದರೆ ಸಿಂಹಾಸನಕ್ಕೆ ಮುಂದೆ ಜನ ಇಲ್ಲ. ದೊರೆ ಓಲಾವ್ ಸರಕಾರದವರನ್ನೆಲ್ಲ ಕೇಳಿ ಒಪ್ಪಿದರು.

ಈಗ ಇಲ್ಲಿ ಸೋನಿಯಾ ಅಂದ್ರೆ ಜನಕ್ಕೆ ಬಹಳ ಗೌರವ. ಆದ್ರೆ ಆ ಒಂಬತ್ತು ವರ್ಷ ಕಾದದ್ದು ಹುಡುಗಿ. ಹುಡುಗ ಎಷ್ಟು ಗಟ್ಟಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಕುಂದಾಪ್ರದ್ ಹೆಣ್ಣ್

ಹ್ವಾಯ್, ಹುಡ್ಗ ಗಟ್ಟಿ ಇದ್ರೆ ಸಾಕಾ? ಅತ್ತಿ ಹ್ಯಾಂಗಿತ್ತ್ ಅಂತ ಕಾಣಿ ಮೊದ್ಲ್. ಜಪಾನಿನ ಮಿಚಿಕೊ ಕಥಿ ಗೊತ್ತಿಲ್ಯಾ? ಹಿಟ್ಟಿನ ಗಿರಣಿ ಕಂಪ್ನಿ ಯಜಮಾನ್ರ ಮಗಳ್. ದುಡ್ಡಿಗೆ ಎಂತ ಕಮ್ಮಿ ಇಲ್ಲ, ಆದ್ರೆ ಅರಮನಿ ರಕ್ತ ಅಲ್ಲ. 1957ರಗೆ ಟೆನ್ನಿಸ್ ಆಡೂಕ್ ಹೋದಲ್ ಯುವರಾಜ ಅಕಿಹಿಟೊನ ಕಂಡದ್ದ್, 1959ರಗೆ ಮದಿ. ಆ ಮದಿ ಕಾಂಬುಕಂತ್ಲೇ ಜಪಾನಂಗೆ ಜನ ಮುಗಿಬಿದ್ದ್ ಟೀವಿ ತಕಂಡ್ರಂಬ್ರ್. ಊರಿಗೆ ಊರೇ ಕುಶಿ. ಒಳಗೆ ಅತ್ತಿಗೆ ಮಾತ್ರ ಸುತಾರಾಂ ಮನಸಿಲ್ಲ. ಮಕ್ಕಳನ್ನ ತಾನೇ ಸಾಕ್ತೆ, ಬುತ್ತಿ ತಾನೇ ಕಟ್ತೆ ಅಂದದ್ದೇ ದೊಡ್ಡ ಸುದ್ದಿ ಆಯ್ತ್. 1993ರಗೆ ಪತ್ರಿಕಿಯೋರೆಲ್ಲ ಸೇರಿ ಬೈದ್ ಬರ್ದದ್ದಕ್ಕೆ ಕುಸ್ದ್ ಬಿದ್ದ್, ತಿಂಗಳಗಟ್ಲೆ ಮಾತೇ ಹೊರಡ್ಲಿಲ್ಲ ಅವ್ರಿಗೆ. ಆಗ ಅವ್ರ್ ಮಹಾರಾಣಿ ಮಾರ್ರೆ! ಸ್ವರ ಹೋದ ಮಹಾರಾಣಿ.

ಸುರತ್ಕಲ್ ಟು ಓಸ್ಲೋ

ಅದೇ ವರ್ಷ ಅವರ ಮಗ ಮಸಾಕೊ ಅವರನ್ನು ಮದುವೆ ಆದದ್ದು. ಹಾರ್ವರ್ಡಿನಲ್ಲಿ ಓದಿ, ವಿದೇಶಾಂಗ ಇಲಾಖೆಯಲ್ಲಿ ಕೆಲಸದಲ್ಲಿದ್ದವರು. ಗಂಡುಮಗು ಬೇಕು ಅಂತ ಒತ್ತಡ, ಹೊರಗೆ ಹೋಗ್ಲಿಕ್ಕಿಲ್ಲ. 2004ರಲ್ಲಿ ಒತ್ತಡದ ಕಾಯಿಲೆ ಅಂತ ಅರಮನೆಯೇ ಪ್ರಕಟಣೆ ಕೊಡಬೇಕಾಯ್ತು. ಕೆಲಸ ಬಿಡುವ ವಿಷಯ "ಆಮೇಲೆ ನೋಡುವ" ಅನ್ನುವುದಲ್ಲ ಅಂತ ಇದಕ್ಕೇ ಹೇಳುವುದು.

ಬಿಜೈ ಬಾಯಿ

ಎಲ್ಲರೂ ನಾರ್ವೆ, ಜಪಾನ್ ಅಂತ ಹೋದ್ರಿ. ಹಂಪನಕಟ್ಟೆಯಲ್ಲಿ ಬಸ್ಸಿಗೆ ನಿಂತಾಗ ಎದುರು ಮಿಲಾಗ್ರಿಸ್ ಇಗರ್ಜಿ ಕಾಣ್ತದಲ್ಲ, ಬಿಷಪ್ ಥಾಮಸ್ ಡಿ ಕಾಸ್ತ್ರೊ 1680ರಲ್ಲಿ ಕಟ್ಟಿಸಿದ್ದು. ಆ ಜಾಗ ಕೊಟ್ಟದ್ದು ಯಾರು? ಕೆಳದಿ ಚೆನ್ನಮ್ಮ. ಕಲ್ಯಾಣಪುರದ ಮಿಲಾಗ್ರಿಸ್ ಅದಕ್ಕಿಂತ ಎರಡು ವರ್ಷ ಹಿಂದಿನದ್ದು, ಅದೂ ಅವಳ ಕಾಲದ್ದೇ. ಅವಳೇನು ರಾಜನ ಮಗಳಾ? ವ್ಯಾಪಾರಿಯ ಮಗಳು. ರಾಜನೇ ಮೆಚ್ಚಿ ಮದುವೆಯಾದದ್ದು. ಮಾಷ್ಟ್ರು ಇದ್ದಾರಾ ಇಲ್ಲಿ? ಅವರು ಸರಿಯಾಗಿ ಹೇಳ್ತಾರೆ.

ಮೂಡುಬಿದಿರೆ ಮಾಷ್ಟ್ರು

ಇದ್ದೇನೆ ಬಾಯಿ. ಊಟ ಮುಗಿಸಿ ಬಂದೆ.

ಚೆನ್ನಮ್ಮ ಕೋಟಿಪುರದ ಸಿದ್ದಪ್ಪ ಶೆಟ್ಟಿಯ ಮಗಳು. ರಾಮೇಶ್ವರ ಜಾತ್ರೆಯಲ್ಲಿ ಸೋಮಶೇಖರ ನಾಯಕ ಅವಳನ್ನು ಕಂಡು ಮೆಚ್ಚಿದ, ಅರಸು ಮನೆತನದ ಹೆಣ್ಣೇ ಆಗಬೇಕೆಂದವರ ಮಾತು ಕೇಳದೆ ಮದುವೆಯಾದ ಎಂದು ಪರಂಪರೆಯಿಂದ ಬಂದ ಕಥೆ. ಮದುವೆ 1667ರಲ್ಲಿ. ಇಲ್ಲಿಗೆ ನಿಲ್ಲಿಸಿದರೆ ದೊಡ್ಡಮ್ಮನ ಕಥೆಯೇ. ಆದರೆ ಕೆಲವೇ ವರ್ಷದಲ್ಲಿ ಅದೇ ರಾಜ ಕಲಾವತಿ ಎಂಬ ನರ್ತಕಿಯ ಹಿಂದೆ ಬಿದ್ದು, ಆರೋಗ್ಯ ಬುದ್ಧಿ ಎರಡೂ ಕೆಡಿಸಿಕೊಂಡು, ಕೊನೆಗೆ ಕೊಲೆಯಾದ. ಮಕ್ಕಳಿರಲಿಲ್ಲ. ಬಿಜಾಪುರದವರು ಬಾಗಿಲಲ್ಲಿ. ಆಗ ಈ ಶೆಟ್ಟಿಯ ಮಗಳು ಪಟ್ಟಕ್ಕೆ ಕುಳಿತು ಸುಮಾರು 25 ವರ್ಷ ಆಳಿದಳು, ದತ್ತು ತಕ್ಕೊಂಡಳು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನೂ ಎದುರಿಸಿದಳು. ರಾಜ ಪ್ರೀತಿಸಿದ್ದರಿಂದ ಅವಳಿಗೆ ಸಿಕ್ಕಿದ್ದು ಅರಮನೆಯ ಬಾಗಿಲು ಮಾತ್ರ. ಉಳಿದದ್ದೆಲ್ಲ ಅವಳ ಸ್ವಂತ ಸಂಪಾದನೆ.

ಆದರೆ ನನಗೆ ಹೇಳಬೇಕಾದದ್ದು ಬೇರೆ. ಕೆಳದಿಯವರು ಘಟ್ಟದ ಮೇಲಿನವರು. ನಮ್ಮ ತುಳುನಾಡಿನ ಅರಸರಲ್ಲಿ, ಅಂದರೆ ಚೌಟರು, ಬಂಗರು, ಅಜಿಲರು, ಮೂಲ್ಕಿಯ ಸಾವಂತರು, ಇವರಲ್ಲಿ ಬಡವರ ಹುಡುಗಿಯನ್ನು ರಾಜ ಮೆಚ್ಚಿ ರಾಣಿ ಮಾಡಿದ ಎಂಬ ಕಥೆ ನೀವು ಕೇಳಿದ್ದೀರಾ? ನಾನು ಮೂವತ್ತು ವರ್ಷ ಚರಿತ್ರೆ ಕಲಿಸಿದವ, ಕೇಳಿಲ್ಲ. ಯಾಕೆಂದರೆ ಇಲ್ಲಿ ಅಳಿಯಸಂತಾನ. ಅರಸನ ಪಟ್ಟ ಅರಸನ ಮಗನಿಗೆ ಹೋಗುವುದಿಲ್ಲ, ತಂಗಿಯ ಮಗನಿಗೆ ಹೋಗುತ್ತದೆ. ಆದ್ದರಿಂದ ಅರಸನ ಹೆಂಡತಿ ರಾಜ್ಯಕ್ಕೆ ಯಾರೂ ಅಲ್ಲ! ಪಟ್ಟದ ಮರ್ಯಾದೆ ಅರಸನ ತಾಯಿಗೆ, ಅಕ್ಕತಂಗಿಯರಿಗೆ. ಹೆಂಡತಿ ಗಂಡನ ಬೀಡಿನಲ್ಲಿ, ಅಂದರೆ ಅರಮನೆಯಲ್ಲಿ, ಇದ್ದಷ್ಟು ದಿನ ಇರಬಹುದು, ಆದರೆ ಅವಳ ಹಕ್ಕು, ಅವಳ ಮಕ್ಕಳ ಹಕ್ಕು, ಅವಳ ಕುಟುಂಬದ ದೈವ ಎಲ್ಲ ತಾಯಿಮನೆಯಲ್ಲಿ. ಗಂಡ ಅರಸನಾದರೂ ಅಷ್ಟೆ, ಗೇಣಿದಾರನಾದರೂ ಅಷ್ಟೆ.

ಪಕ್ಕದ ತಿರುವಾಂಕೂರಿನಲ್ಲೂ ಹೀಗೆಯೇ. ಮಹಾರಾಜನ ಹೆಂಡತಿಯನ್ನು ಅಮ್ಮಚ್ಚಿ ಎನ್ನುತ್ತಿದ್ದರು. ಮಹಾರಾಣಿ ಎಂದರೆ ಅವನ ಅಕ್ಕತಂಗಿ ಅಥವಾ ಅವರ ಹೆಣ್ಣುಮಕ್ಕಳು. ಅಮ್ಮಚ್ಚಿಗೆ ಅಮ್ಮವೀಡು ಎಂಬ ಬೇರೆಯೇ ಮನೆ. ಅವಳ ಮಗನಿಗೆ ಪಟ್ಟದ ಆಸೆಯೇ ಇಲ್ಲ.

ಪೊಕ್ಕಡೆ ಪಾರ್ಟಿ

ಅಂದ್ರೆ ನಮ್ಮೂರಲ್ಲಿ ರಾಜನನ್ನು ಪ್ರೀತಿಸಿ ಏನೂ ಲಾಭ ಇಲ್ಲ ಅಂತಾಯ್ತು. ಪೊಕ್ಕಡೆ.

ಮೂಡುಬಿದಿರೆ ಮಾಷ್ಟ್ರು

ಲಾಭ ಇಲ್ಲ, ನಷ್ಟವೂ ಇಲ್ಲ. ಅದನ್ನೇ ನಾನು ಹೇಳುತ್ತಿರುವುದು. ಅರಸ ಕೈಬಿಟ್ಟರೆ ಅವಳು ಬೀದಿಗೆ ಬೀಳುವುದಿಲ್ಲ. ಹುಟ್ಟಿದ ಮನೆಗೆ ಅತಿಥಿಯಾಗಿ ಅಲ್ಲ, ಹಕ್ಕುದಾರಳಾಗಿ ಹೋಗುತ್ತಾಳೆ. ಮೂಡುಬಿದಿರೆಗೆ ಬಂದರೆ ಚೌಟರ ಅರಮನೆಯ ಮರದ ಕಂಬ ನೋಡಿ. ಒಂಬತ್ತು ಹೆಂಗಸರನ್ನು ಹೆಣೆದು ಆನೆ ಮಾಡಿದ್ದಾರೆ, ಐದು ಹೆಂಗಸರನ್ನು ಹೆಣೆದು ಕುದುರೆ. ನವನಾರೀಕುಂಜರ, ಪಂಚನಾರೀತುರಗ. ಈ ಶಿಲ್ಪ ಬೇರೆ ಕಡೆಯೂ ಉಂಟು, ಅರ್ಥ ಬೇರೆಯೇ ಹೇಳುತ್ತಾರೆ. ಆದರೂ ಅಳಿಯಸಂತಾನದ ಅರಮನೆಯಲ್ಲಿ ನಿಂತು ನೋಡುವಾಗ ನನಗೆ ಬೇರೆ ಯೋಚನೆಯೇ ಬರುವುದು.

ಉಳ್ಳಾಲದ ಹುಡುಗ

ಮಾಷ್ಟ್ರೇ, ಅಬ್ಬಕ್ಕನನ್ನು ಬಿಟ್ಟಿರಲ್ಲ! ಅವಳೂ ಚೌಟರವಳೇ. ಸೋದರಮಾವ ತಿರುಮಲರಾಯ ಪಟ್ಟ ಕಟ್ಟಿದ. ಗಂಡ ಮಂಗಳೂರಿನ ಬಂಗರಸ. ಗಂಡನ ಜೊತೆ ಬಿಗಡಾಯಿಸಿದಾಗ ಅವನು ಕೊಟ್ಟ ಒಡವೆಯನ್ನೆಲ್ಲ ವಾಪಸು ಕಳಿಸಿ ಉಳ್ಳಾಲದಲ್ಲೇ ಉಳಿದಳು ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತುಂಟು. ಪೋರ್ಚುಗೀಸರ ಜೊತೆ ಹೋರಾಡಿದ್ದು ಅದೇ ಉಳ್ಳಾಲದಿಂದ, ಸೈನ್ಯದಲ್ಲಿ ಬ್ಯಾರಿ ಮುಸ್ಲಿಮರೂ ಮೊಗವೀರ ಮೀನುಗಾರರೂ ಇದ್ದರು ಅಂತ ಹಿರಿಯರು ಹೇಳ್ತಾರೆ. ಒಡವೆ ವಾಪಸು ಕೊಡುವ ಧೈರ್ಯ ಯಾಕೆ ಬಂತು? ನಿಲ್ಲಲಿಕ್ಕೆ ಸ್ವಂತ ನೆಲ ಇತ್ತು.

ಮಲ್ಪೆ ಬೋಟು

ರಾಜನ ಹುಚ್ಚು ಪ್ರೀತಿಗೆ ನಮ್ಮ ಮೀನುಗಾರರೇ ಮೊದಲು ಬುದ್ಧಿ ಕಲಿಸಿದ್ದು. ಶಂತನು ಮತ್ಸ್ಯಗಂಧಿಯನ್ನು ಕಂಡು ಮರುಳಾಗಿ ಬಂದಾಗ ಅವಳ ಅಪ್ಪ ದಾಶರಾಜ ಅಡ್ಡ ಬಿದ್ದನಾ? ಇಲ್ಲ. ನನ್ನ ಮಗಳ ಮಗನಿಗೇ ಪಟ್ಟ ಅಂತ ಒಪ್ಪಿದರೆ ಕೊಡ್ತೇನೆ ಅಂದ. ದೇವವ್ರತ ಬಂದು ತನಗೆ ಪಟ್ಟ ಬೇಡ ಅಂದಾಗಲೂ ಬಿಡಲಿಲ್ಲ, ನಿನಗೆ ಹುಟ್ಟುವ ಮಕ್ಕಳು ತಕರಾರು ತೆಗೆದರೆ ಏನು ಗತಿ ಅಂತ ಕೇಳಿದ. ತಾಳಮದ್ದಳೆಯಲ್ಲಿ ಒಳ್ಳೆ ಅರ್ಥಧಾರಿ ದಾಶರಾಜ ಆದರೆ ಈ ಒಂದು ಪ್ರಶ್ನೆಗೇ ಮುಕ್ಕಾಲು ಗಂಟೆ ತಕ್ಕೊಳ್ತಾನೆ, ಭೀಷ್ಮನಿಗೆ ಬೆವರು ಇಳಿಸ್ತಾನೆ. ಎದುರು ಕೂತವರಲ್ಲಿ ಹೆಣ್ಣು ಹೆತ್ತವರೆಲ್ಲ ಅವನ ಪಕ್ಷ. ಕದ್ರಿಯವರೇ, ನಿಮ್ಮಪ್ಪನಿಗೆ ಒಮ್ಮೆ ಕರ್ಕೊಂಡು ಹೋಗಿ ತೋರಿಸಿ.

ಮೂಡುಬಿದಿರೆ ಮಾಷ್ಟ್ರು

ಸರಿಯಾಗಿ ಹೇಳಿದಿರಿ. ಶಕುಂತಲೆಯನ್ನೂ ಸೇರಿಸಿಕೊಳ್ಳಿ. ಉಂಗುರ, ದೂರ್ವಾಸರ ಶಾಪ, ಮೀನಿನ ಹೊಟ್ಟೆ ಇದೆಲ್ಲ ಕಾಳಿದಾಸ ತಂದದ್ದು. ವ್ಯಾಸರ ಶಕುಂತಲೆ ಅಷ್ಟು ಮುಗ್ಧೆಯಲ್ಲ. ನನ್ನ ಮಗನೇ ಯುವರಾಜನಾಗಬೇಕು ಎಂದು ದುಷ್ಯಂತನ ಬಾಯಿಂದ ಮಾತು ತೆಗೆದುಕೊಂಡ ಮೇಲೆಯೇ ಒಪ್ಪಿದ್ದು. ಅವನು ಆಸ್ಥಾನದಲ್ಲಿ ಗೊತ್ತಿಲ್ಲ ಎಂದಾಗ ಅತ್ತುಕೊಂಡು ಹಿಂದೆ ಬಂದವಳೂ ಅಲ್ಲ, ನಿಂತು ಝಾಡಿಸಿದವಳು.

ಎರಡು ಕಡೆಯೂ ಷರತ್ತು ಒಂದೇ ನೋಡಿ: ಮಗನಿಗೆ ಪಟ್ಟ. ಗಂಡನ ಮನೆಯಲ್ಲಿ ಹೆಣ್ಣಿನ ಸ್ಥಾನ ಗಟ್ಟಿಯಾಗಲು ಅಲ್ಲಿ ಮಗನೇ ಬೇಕು. ದಾಶರಾಜ ತುಳುನಾಡಿಗೆ ಬಂದಿದ್ದರೆ ಈ ಷರತ್ತು ಹಾಕಲಾಗುತ್ತಿರಲಿಲ್ಲ, ಹಾಕಬೇಕಾಗಿಯೂ ಇರಲಿಲ್ಲ.

ಉಡುಪಿ ವಕೀಲೆ

ಮಾಷ್ಟ್ರೇ, ತುಂಬಾ ಚಂದ ಮಾಡಬೇಡಿ. ನಾನು ಅಳಿಯಸಂತಾನ ಮನೆಯ ಮಗಳೇ. ಹಕ್ಕು ತಾಯಿಯ ಹೆಸರಲ್ಲಿ, ಅಧಿಕಾರ ಸೋದರಮಾವನ ಕೈಯಲ್ಲಿ. ಯಜಮಾನಿಕೆ ಮಾಡಿದ್ದು ಹೆಚ್ಚಿನ ಕಡೆ ಗಂಡಸರೇ. ಪಾಲು ಕೇಳಿದ ಹೆಂಗಸಿಗೆ ಮನೆ ಒಡೆಯುವವಳು ಅಂತ ಹೆಸರು. ಪಾಲಿಗೆ ಕಾನೂನು ಗಟ್ಟಿಯಾದದ್ದೇ 1949ರ ಮದ್ರಾಸ್ ಕಾಯಿದೆಯಿಂದ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ.

ಈಗಲೂ ಗುತ್ತಿನ ಮನೆಗೆ, ಅಂದರೆ ಹಳೇ ಜಮೀನ್ದಾರರ ಮನೆಗೆ, ಸಣ್ಣ ಮನೆಯ ಹುಡುಗಿ ಮದುವೆಯಾಗಿ ಹೋದರೆ ದೈವದ ನೇಮದ ದಿನ ನೋಡಿ, ಅವಳು ಚಪ್ಪರದ ಯಾವ ಮೂಲೆಯಲ್ಲಿ ಇರುತ್ತಾಳೆ ಅಂತ. ರಾಜಸ್ಥಾನಕ್ಕೆ ಹೋಗಬೇಕಾಗಿಲ್ಲ.

ಮೂಡುಬಿದಿರೆ ಮಾಷ್ಟ್ರು

ಅದು ಒಪ್ಪಿದೆ. ಬೀಗದ ಕೈ ಮಾವನ ಸೊಂಟದಲ್ಲೇ ಇತ್ತು. ಆದರೆ ಮನೆ ಅವಳದ್ದು.

ಗಲ್ಫ್ ವಾಪಸಿ

ನೀವೆಲ್ಲ ಸೇರಿ ಆ ಹುಡುಗಿಯನ್ನು ಹೆದರಿಸ್ತಾ ಇದ್ದೀರಿ. ಒಳ್ಳೇದಾದದ್ದು ಎಷ್ಟು ಇಲ್ಲ? ಡೆನ್ಮಾರ್ಕಿನ ಮೇರಿ ಆಸ್ಟ್ರೇಲಿಯಾದ ಟಾಸ್ಮೇನಿಯಾದವಳು, ಅಪ್ಪ ಗಣಿತದ ಪ್ರೊಫೆಸರ್. 2000ದ ಸಿಡ್ನಿ ಒಲಿಂಪಿಕ್ಸ್ ಸಮಯ ಒಂದು ಪಬ್ಬಿನಲ್ಲಿ ಒಬ್ಬ ಹುಡುಗ "ನಾನು ಫ್ರೆಡ್" ಅಂತ ಕೈಕೊಟ್ಟ. ಯುವರಾಜ ಅಂತ ಆಮೇಲೆ ಗೊತ್ತಾದದ್ದು. ನಿಮ್ಮ ಹುಡುಗನ ಹಳೇ ಮನೆಯ ಹಾಗೆಯೇ! 2004ರಲ್ಲಿ ಮದುವೆ, 2024ರ ಜನವರಿಯಲ್ಲಿ ರಾಣಿ. ಡೇನಿಷ್ ಭಾಷೆ ಕಲಿತಳು, ಚರ್ಚ್ ಬದಲಿಸಿದಳು, ಪೌರತ್ವ ಬಿಟ್ಟಳು.

ಇನ್ನೊಂದು, ನನಗೆ ಬಹಳ ಇಷ್ಟದ್ದು. ಬೋಟ್ಸ್ವಾನದ ಸೆರೆಟ್ಸೆ ಖಾಮ, ಬಮಾಂಗ್ವಾಟೊ ಜನರ ಅರಸುಕುಲದ ವಾರಸುದಾರ. ಲಂಡನ್ನಿನಲ್ಲಿ ಕಾನೂನು ಓದುವಾಗ ರೂತ್ ವಿಲಿಯಮ್ಸ್ ಎಂಬ ಗುಮಾಸ್ತೆಯನ್ನು ಪ್ರೀತಿಸಿ 1948ರಲ್ಲಿ ಮದುವೆಯಾದ. ಬಿಳಿ ಹುಡುಗಿ, ಕಪ್ಪು ಅರಸ. ಅವನ ಚಿಕ್ಕಪ್ಪ ವಿರೋಧ, ಅವಳ ಅಪ್ಪ ವಿರೋಧ, ಪಕ್ಕದಲ್ಲಿ ವರ್ಣಭೇದದ ದಕ್ಷಿಣ ಆಫ್ರಿಕ, ಅದಕ್ಕೆ ಹೆದರಿ ಬ್ರಿಟಿಷ್ ಸರಕಾರವೂ ವಿರೋಧ. ಗಡಿಪಾರು ಮಾಡಿದ್ರು. 1956ರಲ್ಲಿ ಅರಸುಪಟ್ಟ ಬಿಟ್ಟುಕೊಟ್ಟು ಸಾಮಾನ್ಯನಾಗಿ ಊರಿಗೆ ವಾಪಸು ಬಂದ. ದೇಶ ಸ್ವತಂತ್ರ ಆದಾಗ, 1966ರಲ್ಲಿ, ಅವನೇ ಮೊದಲ ಅಧ್ಯಕ್ಷ. ಗಂಡ ತೀರಿಕೊಂಡ ಮೇಲೂ ರೂತ್ ಇಂಗ್ಲೆಂಡಿಗೆ ಹೋಗ್ಲಿಲ್ಲ, ಅಲ್ಲೇ ಉಳಿದಳು.

ಬಿಜೈ ಬಾಯಿ

ಹಾಗಾದ್ರೆ ಸಿಕ್ಕಿಂದೂ ಕೇಳಿ. ಹೋಪ್ ಕುಕ್ ಅಂತ ಅಮೆರಿಕದ ಕಾಲೇಜು ಹುಡುಗಿ. 1959ರಲ್ಲಿ ಡಾರ್ಜಿಲಿಂಗಿನ ಹೋಟೆಲೊಂದರಲ್ಲಿ ಸಿಕ್ಕಿಂ ಯುವರಾಜನ ಪರಿಚಯ. ಅವ ವಿಧುರ, ಮೂರು ಮಕ್ಕಳು, ವಯಸ್ಸು ಹೆಚ್ಚುಕ್ಕಡಿಮೆ ಇವಳ ಎರಡರಷ್ಟು. ಜೋಯಿಸರು 1962 ಒಳ್ಳೆ ವರ್ಷ ಅಲ್ಲ ಅಂದ್ರು, ಮದುವೆ 1963ರ ಮಾರ್ಚಿಗೆ ಹೋಯ್ತು. ಅಷ್ಟು ಜಾಗ್ರತೆಯಲ್ಲಿ ದಿನ ನೋಡಿದ್ದು! ಹತ್ತು ವರ್ಷ ಆಗುವಾಗ ಸಿಕ್ಕಿಂನಲ್ಲಿ ಗಲಾಟೆ ಎದ್ದಿತು, ಅವಳು ಮಕ್ಕಳನ್ನು ಕಟ್ಟಿಕೊಂಡು ನ್ಯೂಯಾರ್ಕಿಗೆ. 1975ರಲ್ಲಿ ರಾಜ್ಯವೇ ಭಾರತಕ್ಕೆ ಸೇರಿತು. 1980ರಲ್ಲಿ ವಿಚ್ಛೇದನ. ಪಟ್ಟವೂ ಇಲ್ಲ, ಗಂಡನೂ ಇಲ್ಲ.

ಪಕ್ಕದ ತಮಿಳುನಾಡಿನ ಪುದುಕೋಟೆಯದ್ದು ಇನ್ನೂ ಬೇಜಾರು. ರಾಜಾ ಮಾರ್ತಾಂಡ ಭೈರವ ತೊಂಡೈಮಾನ್ 1915ರಲ್ಲಿ ಮೆಲ್ಬರ್ನಿನ ಮೋಲಿ ಫಿಂಕ್ ಎಂಬವಳನ್ನು ಮದುವೆಯಾದ. ಬ್ರಿಟಿಷರು ಅವಳನ್ನು ರಾಣಿ ಅಂತ ಒಪ್ಪಲಿಲ್ಲ. ಊರಿಗೆ ಕರ್ಕೊಂಡು ಬಂದ್ರೆ ಕೆಲವೇ ತಿಂಗಳು ನಿಲ್ಲಲಿಕ್ಕಾಯ್ತು. ಬಸುರಿಗೆ ವಿಷ ಹಾಕಿದ್ದಾರೆ ಅನ್ನುವ ಸಂಶಯ ಬೇರೆ. ಮಗ ಹುಟ್ಟಿದ, ಅವನಿಗೆ ಪಟ್ಟ ಇಲ್ಲ. ರಾಜನೇ ಹೆಂಡತಿಗಾಗಿ ರಾಜ್ಯ ಬಿಟ್ಟು ಪರದೇಶದಲ್ಲಿ ಉಳಿದು 1928ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡ. ಹುಡುಗ ಗಟ್ಟಿ ಇದ್ದ ನೋಡಿ, ಆದ್ರೂ.

ಕುಂದಾಪ್ರದ್ ಹೆಣ್ಣ್

ಆ ಮೋಲಿ ಕಥಿ ನಂಗೆ ಗೊತ್ತಿರ್ಲಿಲ್ಲೆ. ಹೊಟ್ಟಿ ಉರಿತ್ತ್ ಕಾಣಿ.

ಕದ್ರಿಗುಡ್ಡೆ

ಎಲ್ಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಅಮ್ಮ ಪುದುಕೋಟೆ ಕೇಳಿ ಬೀಡಿ ಕಟ್ಟುವ ಮೊರ ಕೆಳಗಿಟ್ಟು ಕೂತುಬಿಟ್ರು, ಈಗ ನನಗೆ ಬೈಗುಳ. ದೊಡ್ಡಮ್ಮನಿಗೆ ಚೆನ್ನಮ್ಮನ ಅರ್ಧ ಕಥೆ ಮಾತ್ರ ಕೇಳಿಸಿದ್ದು. ಜಾತ್ರೆ, ಮದುವೆ, ಅಷ್ಟೇ!

ವಕೀಲರು ಕೇಳಿದ ಹಾಗೆ ಕೋಟೆ ಯಾರ ಹೆಸರಲ್ಲಿ ಅಂತ ತಮ್ಮ ಸೀದಾ ಹುಡುಗನಿಗೇ ಮೆಸೇಜ್ ಹಾಕಿದ. ನನಗೆ ನಾಚಿಕೆಯಲ್ಲಿ ಪ್ರಾಣ ಹೋಯ್ತು. ಅವನು ಬೇಜಾರು ಮಾಡ್ಲಿಲ್ಲ. ಅಜ್ಜ ಹೋದ ಮೇಲೆ ಅಪ್ಪ, ಇಬ್ಬರು ದೊಡ್ಡಪ್ಪಂದಿರ ನಡುವೆ ಕೇಸು ಉಂಟಂತೆ. ಹೋಟೆಲಿಂದ ಬಂದದ್ದು ಮಾಡು (ಛಾವಣಿ) ರಿಪೇರಿಗೂ ವಕೀಲರಿಗೂ ಸರಿಯಾಗ್ತದಂತೆ. "ನನ್ನ ಸಂಬಳದಲ್ಲಿ ಬದುಕ್ಬೇಕು, ಅದನ್ನು ಅವಳಿಗೆ ಮೊದಲೇ ಹೇಳಿದ್ದೇನೆ" ಅಂತ ಬರೆದಿದ್ದಾನೆ. ತಂಗಿ ನಮಗೆ ಹೇಳಿರಲಿಲ್ಲ.

ಪೊಕ್ಕಡೆ ಪಾರ್ಟಿ

ಕೋಟೆಯ ಮಾಡೂ ಸೋರ್ತದಾ? ಹಾಗಾದ್ರೆ ನಮ್ಮವನೇ.

ಕದ್ರಿಗುಡ್ಡೆಯ ತಂಗಿ

ಅಕ್ಕ, ನನ್ನ ಮದುವೆಯನ್ನು ಇಡೀ ಜಿಲ್ಲೆಯಲ್ಲಿ ಚರ್ಚೆಗೆ ಇಟ್ಟದ್ದಕ್ಕೆ ಮನೆಗೆ ಬಂದು ಮಾತಾಡ್ತೇನೆ. ಆದ್ರೆ ಓದಿದೆ, ಪೂರ್ತಿ.

ನಾನು ಪ್ರೀತಿಸುವಾಗ ಇವನು ರೌಂಡ್ಸ್ ಮುಗಿಸಿ ಹಸಿವಲ್ಲಿ ಕ್ಯಾಂಟೀನಿಗೆ ಓಡಿ ಬರುವ ಹುಡುಗ. ಪಾರ್ಶ್ವವಾಯು ಆದ ಒಬ್ಬ ಅಜ್ಜನನ್ನು ನಿಲ್ಲಿಸ್ಲಿಕ್ಕೆ ನನಗೆ ಒಂದು ಕೈ ಸಾಲದಿದ್ದಾಗ ಯಾರೂ ಕರೆಯದೆ ಬಂದು ಇನ್ನೊಂದು ಬದಿ ಹಿಡಿದವ. ಅವನಿಗೆ ಕೋಟೆ ಇದ್ದದ್ದು ನನಗೆ ಗೊತ್ತಾದದ್ದು ಆಮೇಲೆ. ಗೊತ್ತಾದ ದಿನ ನನಗೆ ಕುಶಿ ಆಗ್ಲಿಲ್ಲ, ತಲೆಬಿಸಿ ಆಯ್ತು. ಇದು ದೊಡ್ಡಮ್ಮನಿಗೆ ಅರ್ಥ ಆಗುವುದಿಲ್ಲ.

ತಲೆಗೆ ಸೆರಗು ಹಾಕುವುದು ನನಗೆ ದೊಡ್ಡ ವಿಷಯ ಅಲ್ಲ. ಅವರ ಮನೆಯ ಪೂಜೆಯ ದಿನ ಹಾಕ್ತೇನೆ. ನಮ್ಮ ಕುಟುಂಬದ ದೈವದ ಎದುರು ನಿಲ್ಲುವಾಗ ಅವನೂ ಶರ್ಟ್ ತೆಗೆದು ನಿಲ್ಬೇಕಲ್ಲ, ಒಪ್ಪಿದ್ದಾನೆ. ದಿನಾ ಹಾಕುವುದಿಲ್ಲ ಅಂತ ಅವನ ಅಮ್ಮನ ಹತ್ತಿರ ನಾನೇ ಹೇಳಿದೆ, ಫೋನಲ್ಲಿ, ಮರ್ಯಾದೆಯಲ್ಲೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಈ ಮಾತು ಹೇಳ್ಲಿಕ್ಕೆ ಆಗಿರ್ಲಿಲ್ಲ" ಅಂದ್ರು. ಅದು ಒಪ್ಪಿಗೆಯಾ, ಬೇಜಾರಾ, ನನಗೆ ಇನ್ನೂ ತಿಳೀಲಿಲ್ಲ. ಕೆಲಸ ಬಿಡುವ ಪ್ರಶ್ನೆ ಇಲ್ಲ. ಅವನ ಓದು ಮುಗಿದ ಮೇಲೆ ಇಬ್ಬರಿಗೂ ಎಲ್ಲಿ ಕೆಲಸ ಸಿಗ್ತದೋ ಅಲ್ಲಿಗೆ ಹೋಗುವುದು, ಕೋಟೆಗೆ ರಜೆಯಲ್ಲಿ.

ಮಾಷ್ಟ್ರೇ, ನೀವು ಹೇಳಿದ್ದರಲ್ಲಿ ನನಗೆ ಬೇಕಾದದ್ದು ಒಂದೇ. ಅರಸನ ಹೆಂಡತಿಗೆ ವಾಪಸು ಹೋಗ್ಲಿಕ್ಕೆ ಸ್ವಂತ ಮನೆ ಇತ್ತು ಅಂದ್ರಲ್ಲ. ಅಪ್ಪ ಮದುವೆಗೆ ಅಂತ ಇಟ್ಟ ದುಡ್ಡು ಸ್ವಲ್ಪ ಉಂಟು. ಕೋಟೆಯಲ್ಲಿ ಮದುವೆ ಅಂದ್ರೆ ನಮ್ಮ ಕಡೆಯವರನ್ನು ಕರ್ಕೊಂಡು ಹೋಗ್ಲಿಕ್ಕೇ ಅದು ಮುಗೀತದೆ. ಅದು ಬೇಡ, ರಿಜಿಸ್ಟರ್ ಮಾಡಿ ಊಟ ಹಾಕುವ, ಆ ದುಡ್ಡಿಗೆ ನನ್ನ ಸಾಲ ಸೇರಿಸಿ ಕೊಟ್ಟಾರ ಬದಿ ಒಂದು ಸಣ್ಣ ಫ್ಲಾಟ್ ನನ್ನ ಹೆಸರಲ್ಲಿ ತಕ್ಕೊಳ್ತೇನೆ ಅಂತ ಅಪ್ಪನಿಗೆ ಹೇಳಿದೆ. ಅಪ್ಪ "ಆಯ್ತು" ಅಂದ್ರು. ಅಮ್ಮ ಮದುವೆ ಸೀರೆಯಾದ್ರೂ ಜರಿಯದ್ದೇ ಆಗಬೇಕು ಅಂತ ಹಟ.

ಮೂಡುಬಿದಿರೆ ಮಾಷ್ಟ್ರು

ಮಗಳೇ, ಅಮ್ಮ ಹೇಳಿದ ಸೀರೆ ತಕ್ಕೋ.

ಕುಂದಾಪ್ರದ್ ಹೆಣ್ಣ್

ಆ ಅತ್ತಿಯೋರ್ ಮಾತ್ ಬೇಜಾರಲ್ಲ ಹೆಣ್ಣೆ. ಅವ್ರೂ ಯಾವತ್ತೋ ಬೇರೆ ಮನಿಯಿಂದ ಬಂದೋರೇ ಅಲ್ದಾ. ಮತ್ತೊಂದ್ಸಲ ಫೋನ್ ಮಾಡ್.

ಉಡುಪಿ ವಕೀಲೆ

ಫ್ಲಾಟಿನ ಕ್ರಯಪತ್ರ ಮದುವೆಗೆ ಮೊದಲೇ ಆಗಲಿ, ನಿಮ್ಮೊಬ್ಬರದೇ ಹೆಸರಲ್ಲಿ. ಅಪ್ಪ ಕೊಡುವ ದುಡ್ಡು ನಿಮ್ಮ ಬ್ಯಾಂಕ್ ಖಾತೆಗೇ ಬರಲಿ, ಕೈಯಿಂದ ಕೈಗೆ ಬೇಡ.

ಮದುವೆಗೆ 1954ರ ವಿಶೇಷ ವಿವಾಹ ಕಾಯಿದೆ ಸಾಕು. ಇಬ್ಬರಲ್ಲಿ ಒಬ್ಬರಾದರೂ 30 ದಿನ ವಾಸ ಇರುವ ಜಿಲ್ಲೆಯಲ್ಲಿ ನೋಟಿಸು ಕೊಡಬೇಕು. ಮಣಿಪಾಲದಲ್ಲಿ ಇದ್ದೀರಿ, ಹಾಗಾಗಿ ಉಡುಪಿಯಲ್ಲೇ ಆಗುತ್ತದೆ. ನೋಟಿಸು ಹಾಕಿ 30 ದಿನ ಆದ ಮೇಲೆ ಮದುವೆ. ನೋಟಿಸು ಕಚೇರಿಯ ಬೋರ್ಡಿನಲ್ಲಿ ಅಂಟಿಸುತ್ತಾರೆ. ಕೋಟೆಯ ಕಡೆಯವರಿಗೆ ಅದಕ್ಕೆ ಮೊದಲೇ ತಿಳಿಸಿ, ಬೇರೆಯವರ ಬಾಯಿಂದ ಹೋಗುವುದು ಬೇಡ. ಆ ದಿನ ಮೂರು ಜನ ಸಾಕ್ಷಿ ಬೇಕು.

ಪೊಕ್ಕಡೆ ಪಾರ್ಟಿ

ಒಂದು ಸಾಕ್ಷಿ ನಾನು. ಮಂಗಳೂರಿಂದ ಉಡುಪಿಗೆ ಬಸ್ಸಿನ ಟಿಕೇಟು ಕೊಟ್ರೆ ಸಾಕು, ಎಕ್ಸ್‌ಪ್ರೆಸ್ಸೇ ಆಗಬೇಕು.

ಉಡುಪಿ ವಕೀಲೆ

ಆಧಾರ್ ಕಾರ್ಡ್ ತನ್ನಿ. ಅದರಲ್ಲಿ ಪೊಕ್ಕಡೆ ಪಾರ್ಟಿ ಅಂತ ಇದ್ದರೆ ನಡೆಯುವುದಿಲ್ಲ.